ಹೊಸ ಕಂಪ್ಯೂಟರಿನಲ್ಲಿ ಹಳೆಯ ಸೂತಕ

ನಮ್ಮ ಮನೆಗೆ ಹೊಸ ವಸ್ತುವೊಂದು ಬಂದರೆ ಸಾಕು, ಅಟ್ಟಕ್ಕೆ ಹೋಗಬೇಕಾಗಿದ್ದ ಹಳೆಯದನ್ನು ಕೈಮುಗಿದು ಕರೆತಂದು ಕೂರಿಸುವ ಸಂದರ್ಭ ಬಂದೇ ಬರುತ್ತದೆ. ಹೊಸ ಗ್ರೈಂಡರ್ ಬಂದ ವಾರವೇ ಕಡೆಯುವ ಕಲ್ಲನ್ನು ತೊಳೆದೆವು. ಗೀಸರ್ ಕೂರಿಸಿದ ದಿನವೇ ಬಚ್ಚಲಿನ ಹಂಡೆಗೆ ಬೆಂಕಿ ಹಾಕಿದೆವು. ಇವೆಲ್ಲ ನನ್ನ ಪುಸ್ತಕದಲ್ಲಿ ದಿನಾಂಕ ಸಹಿತ ಇವೆ. ಆದರೆ ಕಂಪ್ಯೂಟರಿನ ಪ್ರಕರಣಕ್ಕೆ ಮಾತ್ರ ಪ್ರತ್ಯೇಕ ಪುಸ್ತಕವೇ ಬೇಕಾಯಿತು.

ನಾನು ಪುತ್ತೂರಿನ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿದವಳು. ನಮ್ಮ ತರಗತಿಯಲ್ಲಿ ಹುಡುಗಿಯರು ನಾಲ್ಕೇ ಮಂದಿ. ಪ್ರಯೋಗಶಾಲೆಯಲ್ಲಿ ‘ಕಂಡದ್ದನ್ನು ಕಂಡ ಹಾಗೆ ಬರೆಯಿರಿ’ ಎಂದು ಕಲಿಸಿದ್ದನ್ನು ಮದುವೆಯಾಗಿ ಪುತ್ತೂರಿನ ಹತ್ತಿರದ ಕೆದಂಬಾಡಿಗೆ ಬಂದ ಮೇಲೂ ಬಿಡಲಿಲ್ಲ. ದನ ಕರು ಹಾಕಿದ್ದು, ಗ್ಯಾಸ್ ಸಿಲಿಂಡರ್ ಬದಲಾಯಿಸಿದ್ದು, ಯಾವ ಭರಣಿಯ ಉಪ್ಪಿನಕಾಯಿ ಯಾವ ಮರದ ಮಿಡಿಯದ್ದು ಎಂಬುದು, ಎಲ್ಲಕ್ಕೂ ದಾಖಲೆ ಉಂಟು. ಎಲ್ಲಕ್ಕಿಂತ ದೊಡ್ಡದು ನನ್ನ ಗಂಡನ ಕುಟುಂಬದ ವಂಶಾವಳಿ. ಏಳು ಕವಲು, ಒಂಬತ್ತು ತಲೆಮಾರು, ಯಾರ ಮಗಳನ್ನು ಯಾವ ಊರಿಗೆ ಕೊಟ್ಟದ್ದು ಎಂಬುದರ ಸಮೇತ.

ಅದರ ಉಪಯೋಗ ಏನು ಎಂದು ಕೇಳಬೇಡಿ. ನಮ್ಮಲ್ಲಿ ಯಾರಾದರೂ ತೀರಿಹೋದರೆ ಏಳು ತಲೆಮಾರಿನ ಒಳಗಿನ ದಾಯಾದಿಗಳಿಗೆ ಹತ್ತು ದಿನ ಸೂತಕ, ಅದರಾಚೆಯವರಿಗೆ ಮೂರು ದಿನ. ಸೂತಕ ಇರುವಾಗ ಮದುವೆ, ಮುಂಜಿ, ಪೂಜೆ ಯಾವುದೂ ಇಲ್ಲ. ಈಗ ಯಾರಿಗೂ ಮುತ್ತಜ್ಜನ ಆಚೆಗೆ ಹೆಸರು ಗೊತ್ತಿಲ್ಲ. ಹಾಗಾಗಿ ಸಾವಿನ ಸುದ್ದಿ ಬಂದ ಕೂಡಲೇ ಎಲ್ಲರೂ ಫೋನ್ ಮಾಡುವುದು ನನಗೆ: “ಅಕ್ಕಾ, ನಮಗೆ ಎಷ್ಟು ದಿನ?”

ಈ ವಂಶಾವಳಿಯನ್ನು ಪರಿಚಿತರೊಬ್ಬರು ತುಂಬ ವರ್ಷಗಳ ಹಿಂದೆ ನನಗಾಗಿಯೇ ಮಾಡಿಕೊಟ್ಟ ಒಂದು ಪ್ರೋಗ್ರಾಮಿನಲ್ಲಿ ನಾನೇ ಟೈಪ್ ಮಾಡಿದ್ದೆ. ಆನ್ ಮಾಡಿದರೆ ಹಸಿರು ಗುಡ್ಡ, ನೀಲಿ ಆಕಾಶ ಕಾಣಿಸುತ್ತಿದ್ದ ಆ ಕಾಲದ ಕಂಪ್ಯೂಟರ್ ಅದು. ಕಾಗದದ ಮೂಲ ಪ್ರತಿ ಒರಳೆಯ, ಎಂದರೆ ಗೆದ್ದಲಿನ, ಪಾಲಾಗಿ ಹತ್ತು ವರ್ಷವಾಯಿತು. ‘ಕಂಪ್ಯೂಟರಿಗೆ ಒರಳೆ ಹಿಡಿಯುವುದಿಲ್ಲ’ ಎಂದು ಆಗ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ.

ಪ್ಲಗ್ಗಿನ ಇಲಾಖೆ

ನಮ್ಮ ಕಡೆ ಗುಡುಗು ಕೇಳಿದ ಕೂಡಲೇ ಪ್ಲಗ್ಗುಗಳನ್ನೆಲ್ಲ ಕೀಳುವುದು ಪ್ರತಿ ಮನೆಯಲ್ಲೂ ಒಬ್ಬರ ಜವಾಬ್ದಾರಿ. ನಮ್ಮಲ್ಲಿ ಅದು ಯಜಮಾನರ ಇಲಾಖೆ. ಆ ದಿನ ಸಂಜೆ ನಾಲ್ಕು ಗಂಟೆಗೆ ಆಕಾಶ ಕಪ್ಪಾಯಿತು. ಅವರು ಫ್ರಿಜ್ಜು, ಟಿ.ವಿ., ಮಿಕ್ಸಿ ಎಂದು ಹೆಸರು ಹೇಳಿಕೊಂಡೇ ಒಂದು ಸುತ್ತು ಬಂದು, “ಎಲ್ಲ ತೆಗೆದಾಯ್ತು” ಎಂದು ಘೋಷಿಸಿ ಚಾವಡಿಯಲ್ಲಿ ಕೂತರು. ಕೂತದ್ದೇ ತಡ, ಸಿಡಿಲು. ಕಂಪ್ಯೂಟರ್ ಇದ್ದ ಮೂಲೆಯಿಂದ ಸುಟ್ಟ ವಾಸನೆ ಬಂತು.

“ಕಂಪ್ಯೂಟರಿನ ಪ್ಲಗ್ ತೆಗೆದಿದ್ದೀರಾ?”

“ಮೊದಲು ತೆಗೆದದ್ದೇ ಅದು.”

ಹೋಗಿ ನೋಡಿದರೆ ಅವರು ತೆಗೆದದ್ದು ಪಕ್ಕದಲ್ಲಿದ್ದ ಇಸ್ತ್ರಿಪೆಟ್ಟಿಗೆಯ ಪ್ಲಗ್. ಆ ಇಸ್ತ್ರಿಪೆಟ್ಟಿಗೆ ಕೆಟ್ಟು ಎರಡು ವರ್ಷವಾಗಿತ್ತು.

ಯಜಮಾನರು ಅದನ್ನು ಎತ್ತಿ, ತಿರುಗಿಸಿ ನೋಡಿ, “ಒಂದಾದರೂ ಉಳಿಯಿತಲ್ಲ ಮಾರಾಯ್ತಿ” ಎಂದರು.

ಟೋಪಿ ಹಾಕಿದ ಪೂರ್ವಜರು

ನಾನು ಎದೆಗುಂದಲಿಲ್ಲ. ವಂಶಾವಳಿಯ ಮೂರು ಪ್ರತಿಗಳು ನನ್ನಲ್ಲಿ ಪೆನ್‌ಡ್ರೈವಿನಲ್ಲಿ ಇದ್ದವು: ಒಂದು ದೇವರ ಕೋಣೆಯಲ್ಲಿ, ಒಂದು ಕಪಾಟಿನಲ್ಲಿ, ಒಂದು ಹೈಸ್ಕೂಲ್ ಟೀಚರ್ ಆಗಿರುವ ಸೊಸೆಯ ಬ್ಯಾಗಿನಲ್ಲಿ. ಪುತ್ತೂರಿನ ಅಂಗಡಿಯಿಂದ ಹೊಸ ಕಂಪ್ಯೂಟರ್ ಬಂತು. ಮನೆಯವರೆಲ್ಲ ಕೂತರು. ಪೆನ್‌ಡ್ರೈವ್ ಚುಚ್ಚಿದೆ.

ಪ್ರೋಗ್ರಾಮು ತೆರೆಯಲೇ ಇಲ್ಲ. ಸೊಸೆ ಬೇರೆ ಯಾವುದೋ ದಾರಿಯಲ್ಲಿ ಫೈಲನ್ನು ತೆರೆದಳು. ಪರದೆಯ ತುಂಬ ಇಂಗ್ಲಿಷಿನಂತಹ ಅಕ್ಷರಗಳು; ಒಂದಕ್ಕೆ ತಲೆಯ ಮೇಲೆ ಟೋಪಿ, ಒಂದಕ್ಕೆ ಕೊಂಬು, ಒಂದಕ್ಕೆ ಕೆಳಗೆ ಬಾಲ.

“ಇದೆಂತ ಭಾಷೆ?” ಎಂದರು ಯಜಮಾನರು.

“ಭಾಷೆ ನಮ್ಮದೇ ಮಾವ,” ಎಂದಳು ಸೊಸೆ. “ಅತ್ತೆಯ ಪ್ರೋಗ್ರಾಮು ಹಳೆ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮಾತ್ರ ನಡೆಯುದು. ಈ ಕಂಪ್ಯೂಟರ್ ಹೊಸತು, ಅದಕ್ಕೆ ಓದ್ಲಿಕ್ಕೆ ಬರುದಿಲ್ಲ.”

ಮೂರು ಪ್ರತಿ ಇಟ್ಟ ನಾನು ಓದುವ ಯಂತ್ರ ಒಂದನ್ನೇ ಇಟ್ಟಿದ್ದೆ.

“ಇದರಲ್ಲಿ ನನ್ನ ಅಪ್ಪ ಎಲ್ಲಿದ್ದಾರೆ?” ಎಂದು ಯಜಮಾನರು ಕೇಳಿದರು. ನಾನು ಅಂದಾಜಿನಲ್ಲಿ ಒಂದು ಸಾಲು ತೋರಿಸಿದೆ. ಅವರು ಕನ್ನಡಕ ಒರೆಸಿಕೊಂಡು ತುಂಬ ಹೊತ್ತು ನೋಡಿ ಹೇಳಿದರು: “ಇವರಿಗೆ ಮೂರು ಟೋಪಿ ಉಂಟು. ನನ್ನ ಅಪ್ಪ ಮುಂಡಾಸು ಬಿಟ್ಟು ಬೇರೆ ಎಂತದೂ ಇಟ್ಟವರಲ್ಲ. ಇದು ಬೇರೆ ಯಾರೋ.”

ದೀಪ ಇಡುದಾ, ಬೇಡವಾ?

ಎರಡು ದಿನದಲ್ಲಿ, ಸೋಮವಾರ ಬೆಳಿಗ್ಗೆ, ಗುತ್ತಿಗಾರಿನಿಂದ ಫೋನ್ ಬಂತು. ನಮ್ಮದೇ ಕುಟುಂಬದ ಇನ್ನೊಂದು ಕವಲಿನ ಮನೆ ಅದು. ಮಾತಾಡಿದವಳು ಆ ಮನೆಯ ಗೃಹಿಣಿ. ಬರುವ ಸೋಮವಾರ ಅವಳ ಮಗಳ ಮದುವೆ.

“ಅಕ್ಕಾ, ಕಡಬದಲ್ಲಿ ಮಗಳ ಮನೆಯಲ್ಲಿದ್ದ ಶಂಕರನಾರಾಯಣ ಅಜ್ಜ ಅಂತ ಒಬ್ಬರು ಇವತ್ತು ತೀರಿಹೋದ್ರಂತೆ. ನಮ್ಮ ಕುಟುಂಬವೇ ಅಂತೆ. ನಮಗೆ ಹತ್ತು ದಿನವಾ, ಮೂರು ದಿನವಾ?”

ಮೂರು ದಿನವಾದರೆ ಬುಧವಾರಕ್ಕೆ ಮುಗಿಯುತ್ತದೆ, ಮದುವೆಗೆ ತೊಂದರೆ ಇಲ್ಲ. ಹತ್ತು ದಿನವಾದರೆ ಮದುವೆಯೇ ಸೂತಕದ ನಡುವೆ. ಮದುವೆಯ ಮುನ್ನಾದಿನದ ನಾಂದಿ ಇಟ್ಟ ಮೇಲೆ ಸುದ್ದಿ ಬಂದಿದ್ದರೆ ಬೇರೆ ಮಾತು, ಆಮೇಲೆ ಸೂತಕ ತಟ್ಟುವುದಿಲ್ಲ. ನಾಂದಿಗೆ ಇನ್ನೂ ಆರು ದಿನ ಇತ್ತು. ಹಾಲ್ ಗೊತ್ತುಮಾಡಿಯಾಗಿದೆ, ಅಡಿಗೆಯವರನ್ನೂ ಗೊತ್ತುಮಾಡಿಯಾಗಿದೆ, ಕಾಗದ ಹಂಚಿಯಾಗಿದೆ.

“ಯಾವ ಶಂಕರನಾರಾಯಣ?” ಎಂದು ಕೇಳಿದೆ. ಕೇಳಲೇಬೇಕು. ನಮ್ಮಲ್ಲಿ ಹಿರಿಯ ಮಗನಿಗೆ ಅಜ್ಜನ ಹೆಸರು ಇಡುವುದು ಕ್ರಮ. ನನ್ನ ದಾಖಲೆಯಲ್ಲಿ ಹತ್ತೊಂಬತ್ತು ಶಂಕರನಾರಾಯಣರಿದ್ದಾರೆ.

“ಅವರ ಮಗಳ ಹತ್ತಿರ ಕೇಳಿದೆ ಅಕ್ಕಾ. ಅಜ್ಜನ ಅಪ್ಪ ಸುಬ್ರಾಯ, ಅವರ ಅಪ್ಪ ಶಂಕರನಾರಾಯಣ, ಅವರ ಅಪ್ಪ ಸುಬ್ರಾಯ ಅಂತ ಹೇಳಿದ್ಲು.”

“ಎಲ್ಲ ಕವಲಿನದ್ದೂ ಹಾಗೆಯೇ ಅಲ್ಲವಾ?”

“ಅದಕ್ಕೇ ಅಲ್ಲವಾ ನಿಮಗೆ ಫೋನ್ ಮಾಡಿದ್ದು!”

ವಂಶಾವಳಿ ತೆರೆಯುತ್ತಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಸ್ವಲ್ಪ ತಡೆ, ನೋಡಿ ಹೇಳ್ತೇನೆ” ಎಂದೆ.

“ಅಷ್ಟರವರೆಗೆ ದೇವರಿಗೆ ದೀಪ ಇಡುದಾ, ಬೇಡವಾ?”

ಇದು ಯಾವ ಶಾಸ್ತ್ರದಲ್ಲೂ ಇಲ್ಲದ ಪ್ರಶ್ನೆ. ಸೂತಕ ಉಂಟಾದರೆ ದೀಪ ಇಲ್ಲ, ಸೂತಕ ಇಲ್ಲದಿದ್ದರೆ ದೀಪ ಉಂಟು. ಇಲ್ಲಿ ಸತ್ತವರು ಕುಟುಂಬದವರು ಹೌದೋ ಎಂಬುದೇ ಖಾತ್ರಿ ಇಲ್ಲ. ನಾನು ಯೋಚಿಸಿ ಕೇಳಿದೆ: “ಈಗ ಉರಿಯುತ್ತಾ ಉಂಟಾ?”

“ಉಂಟು.”

“ಹಾಗಾದರೆ ಆರಿಸಬೇಡ. ಎಣ್ಣೆ ಹಾಕುದೂ ಬೇಡ.”

ಅರ್ಧ ಗಂಟೆಯಲ್ಲಿ ಮತ್ತೆ ಫೋನ್: “ಅಕ್ಕಾ, ಎಣ್ಣೆ ಮುಗಿಯುತ್ತಾ ಬಂತು. ಕಂಪ್ಯೂಟರ್ ಆನ್ ಆಯ್ತಾ?”

ಹೂಂ ಅನ್ನದ ಯಂತ್ರ

ಮಂಗಳವಾರ ಅಂಗಡಿಯವರನ್ನೇ ಮನೆಗೆ ಕರೆಸಿದೆ. ಐವತ್ತು ದಾಟಿದ ಮನುಷ್ಯ. ಪುತ್ತೂರಿನ ಅರ್ಧ ಕಂಪ್ಯೂಟರುಗಳ ಒಳಗನ್ನು ಕಂಡವರು. ನನ್ನ ಬೇಡಿಕೆ ಕೇಳಿ ಟೋಪಿ ತೆಗೆದು ತಲೆ ಕೆರೆದುಕೊಂಡರು.

“ಅಕ್ಕ, ಹಳೆಯದಕ್ಕೆ ಹೊಸತು ಹಾಕಿ ಅಂತ ದಿನಾ ಬರ್ತಾರೆ. ಹೊಸದಕ್ಕೆ ಹಳೆಯದು ಹಾಕಿ ಅಂತ ಹೇಳಿದವರು ನೀವೊಬ್ಬರೇ.”

ಹಳೆಯ ಸಿಸ್ಟಮ್ಮಿನ ಸಿ.ಡಿ. ನನ್ನ ಫೈಲಿನಲ್ಲಿ ಭದ್ರವಾಗಿತ್ತು, ಲಕೋಟೆಯ ಮೇಲೆ ದಿನಾಂಕ ಸಹಿತ. ಅವರು ಅದನ್ನು ಹಿಡಿದುಕೊಂಡು ಹೊಸ ಪೆಟ್ಟಿಗೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು.

“ಇದರಲ್ಲಿ ಸಿ.ಡಿ. ಹಾಕ್ಲಿಕ್ಕೆ ಜಾಗವೇ ಇಲ್ಲ.”

“ಹೊಸ ಯಂತ್ರಕ್ಕೆ ಬಾಯಿಯೇ ಇಟ್ಟಿಲ್ಲವಾ?” ಎಂದರು ಯಜಮಾನರು.

ಅಂಗಡಿಯವರು ಚೀಲದಿಂದ ಬೇರೆ ಒಂದು ಬಾಯಿ ತೆಗೆದು ವೈರಿನಿಂದ ಸಿಕ್ಕಿಸಿದರು. ಒಳಗೆ ಎಂತದೋ ಬದಲಾಯಿಸಿದರು. ಕೊನೆಗೆ ನೀಲಿ ಪರದೆ ಬಂದು ಒಂದು ಪ್ರಶ್ನೆ ಕೇಳಿತು: ಮುಂದುವರಿಯಬೇಕಾದರೆ ಎಂಟರ್ ಒತ್ತಿ, ಬೇಡವಾದರೆ ಎಫ್ ಮೂರು ಒತ್ತಿ.

ಅವರು ಎಂಟರ್ ಒತ್ತಿದರು. ಏನೂ ಆಗಲಿಲ್ಲ. ನಾನು ಒತ್ತಿದೆ. ಇಲ್ಲ. ಸರಿ, ಬೇಡ ಎಂದು ಎಫ್ ಮೂರು ಒತ್ತಿದೆವು. ಅದೂ ಇಲ್ಲ.

“ಈ ಸಿಸ್ಟಮ್ ಬಂದ ಕಾಲದಲ್ಲಿ ಈಗಿನ ತರದ ತೂತು ಇರ್ಲಿಲ್ಲ ಅಕ್ಕ,” ಎಂದರು ಅವರು. “ನಾವು ಕೀಬೋರ್ಡ್ ಎಲ್ಲಿ ಸಿಕ್ಕಿಸಿದ್ದೇವೆ ಅಂತ ಅದಕ್ಕೆ ಗೊತ್ತಿಲ್ಲ. ನಾವು ಒತ್ತುದು ಅದಕ್ಕೆ ಕೇಳುದಿಲ್ಲ.”

ವಿಜ್ಞಾನ ಓದಿದವಳು ಇಷ್ಟಕ್ಕೇ ಬಿಡುವುದುಂಟೇ? ಪುಸ್ತಕದಲ್ಲಿ ಕೀಲಿಗಳ ಪಟ್ಟಿ ಮಾಡಿ ಒಂದೊಂದನ್ನೇ ಒತ್ತಿ ಗುರುತು ಹಾಕುತ್ತ ಹೋದೆ. ನೂರಕ್ಕೂ ಹೆಚ್ಚು ಕೀಲಿ. ನೂರಕ್ಕೂ ಹೆಚ್ಚು ‘ಫಲವಿಲ್ಲ’.

ಯಜಮಾನರು ಎದ್ದು ನಿಂತರು. “ಇದು ಹೆಣ್ಣು ಕೇಳ್ಲಿಕ್ಕೆ ಹೋದ ಮನೆಯ ಹಾಗೆ. ಹೂಂ ಅಂತಲೂ ಹೇಳುದಿಲ್ಲ, ಬೇಡ ಅಂತಲೂ ಹೇಳುದಿಲ್ಲ. ಇಂಥಲ್ಲಿ ಕಾಫಿ ಕುಡಿದು ಏಳುದು ಮರ್ಯಾದೆ.”

ಇಲ್ಲದ ಡಿಸ್ಕು

ಮಧ್ಯಾಹ್ನ ಅಂಗಡಿಯವರು ಎಲ್ಲಿಂದಲೋ ಒಂದು ಹಳದಿ ಬಣ್ಣಕ್ಕೆ ತಿರುಗಿದ ಮುದಿ ಕೀಬೋರ್ಡ್ ತಂದರು. ಈ ಪೆಟ್ಟಿಗೆಯ ಹಿಂದೆ ಅದಕ್ಕೆ ಹೊಂದುವ ದುಂಡಗಿನ ತೂತು ಒಂದು ಪುಣ್ಯಕ್ಕೆ ಇತ್ತು. ಎಂಟರ್ ಒತ್ತಿದರು. ಕೇಳಿಸಿತು! ನಾವು ಮೂವರೂ ಚಪ್ಪಾಳೆ ತಟ್ಟಿದೆವು. ನೀಲಿ ಪರದೆ ಸ್ವಲ್ಪ ಹೊತ್ತು ಯೋಚಿಸಿ ಹೇಳಿತು: ಈ ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಇಲ್ಲ.

“ಇಲ್ಲವಾ?” ನಾನು ಅಂಗಡಿಯವರ ಮುಖ ನೋಡಿದೆ. ಕಂಪ್ಯೂಟರ್ ಜೋಡಿಸಿ ಕೊಟ್ಟವರು ಅವರೇ.

“ಉಂಟು ಅಕ್ಕ! ನಾನೇ ಹಾಕಿದ್ದು!”

“ಇಲ್ಲ ಅಂತ ಹೇಳ್ತಾ ಉಂಟಲ್ಲ?”

“ಉಂಟು, ಆದ್ರೆ ಅದಕ್ಕೆ ಕಾಣುದಿಲ್ಲ.”

ಶಾಲೆಯಿಂದ ಆಗತಾನೇ ಬಂದ ಸೊಸೆ, “ಕನ್ನಡಕ ಹಣೆಯ ಮೇಲಿಟ್ಟು ಮನೆಯಿಡೀ ಹುಡುಕ್ತಾರಲ್ಲ ಮಾವ, ಅದೇ ಕತೆ” ಎಂದಳು. ಯಜಮಾನರ ಕೈ ತಾನಾಗಿ ಹಣೆಗೆ ಹೋಯಿತು. ಕನ್ನಡಕ ಅಲ್ಲಿಯೇ ಇತ್ತು.

ನನ್ನ ಸಂಶಯ ಹೋಗಲಿಲ್ಲ ಎಂದು ಕಂಡು ಅಂಗಡಿಯವರು ಪೆಟ್ಟಿಗೆಯ ಬದಿಯನ್ನೇ ಬಿಚ್ಚಿ, ಟಾರ್ಚು ಹಾಕಿ, ಚೂಯಿಂಗ್ ಗಮ್ಮಿನ ಪಟ್ಟಿಯಂತಹ ಒಂದು ವಸ್ತುವನ್ನು ತೋರಿಸಿದರು.

“ಇದಾ ಡಿಸ್ಕು? ಹಳೆಯದು ಚಿಮಿಣಿ ಎಣ್ಣೆಯ ಡಬ್ಬಿಯಷ್ಟು ತೂಕ ಇತ್ತು! ಇದರಲ್ಲಿ ಒಂಬತ್ತು ತಲೆಮಾರು ಹಿಡಿಯುದಾ?”

“ನೋಡಿ,” ಎಂದರು ಅವರು ಟಾರ್ಚು ಆರಿಸುತ್ತ, “ಕಣ್ಣಾರೆ ಕಂಡ ನಿಮಗೇ ನಂಬಿಕೆ ಬರುದಿಲ್ಲ. ಮತ್ತೆ ಅದಕ್ಕೆ ಹೇಗೆ ಬರ್ಬೇಕು ಅಕ್ಕ?”

ಸೊನ್ನೆಗಳು

ಸಂಜೆಯ ಹೊತ್ತಿಗೆ ಮತ್ಯಾವುದೋ ಬದಲಾವಣೆ ಮಾಡಿ ಅಂಗಡಿಯವರು ಹೋದರು. ಬುಧವಾರ ಬೆಳಿಗ್ಗೆ ಆನ್ ಮಾಡಿದರೆ ಪರದೆ ಪೂರ್ತಿ ನೀಲಿಯಾಗಿ, ಒಂದು ಸಂಖ್ಯೆ ತೋರಿಸಿ ನಿಂತುಬಿಟ್ಟಿತು. ಕಂಡದ್ದನ್ನು ಕಂಡ ಹಾಗೆ ಬರೆದುಕೊಂಡು ಫೋನಿನಲ್ಲಿ ಅವರಿಗೆ ಓದಿದೆ.

“ಸೊನ್ನೆ. ಎಕ್ಸ್. ಸೊನ್ನೆ, ಸೊನ್ನೆ, ಸೊನ್ನೆ, ಸೊನ್ನೆ...”

“ಫೋಟೋ ತೆಗೆದು ಕಳಿಸಿ ಅಕ್ಕ.”

“ಬೇಡ, ಬರೆದಾಗಿದೆ. ಸೊನ್ನೆ, ಸೊನ್ನೆ. ಏಳು. ಬಿ. ಮತ್ತೆ ಬ್ರಾಕೆಟ್ಟಿನ ಒಳಗೆ ಪುನಃ ಸೊನ್ನೆ...”

ಪತ್ರಿಕೆ ಓದುತ್ತಿದ್ದ ಯಜಮಾನರು ತಲೆ ಎತ್ತಿದರು. ಸೊಸೆಯ ಶಾಲೆಯಲ್ಲಿ ಆಗ ಪರೀಕ್ಷೆ ಮುಗಿದಿತ್ತು. “ಯಾರ ಮನೆಯ ಮಕ್ಕಳು ಮಾರಾಯ್ತಿ?” ಎಂದು ಮೆಲ್ಲಗೆ ಕೇಳಿದರು. “ಏಳು ಸಿಕ್ಕಿದ್ದು ಯಾವುದರಲ್ಲಿ?”

ಗಂಧ ಹಚ್ಚಿದ ಕೀಲಿ

ಅಂಗಡಿಯವರು ಕೈ ಮುಗಿದುಬಿಟ್ಟರು. ಅತ್ತ ಗುತ್ತಿಗಾರಿನಿಂದ ಗಂಟೆಗೊಂದು ಫೋನ್: “ಸೂತಕ ಎಷ್ಟು ಅಂತ ಬಂತಾ ಅಕ್ಕಾ?” ಅಡಿಗೆಯವರು ತರಕಾರಿಗೆ ಹೇಳಬೇಕಂತೆ, ವರನ ಕಡೆಯವರು ಗುರುವಾರ ಸಂಜೆಯೊಳಗೆ ತಿಳಿಸಿ ಎಂದಿದ್ದಾರಂತೆ. ಅವಳ ಸ್ವರದಲ್ಲಿ ಅಳು ಇತ್ತು.

ಆಗ ನನಗೆ ಕಡಬದ ತಮ್ಮ ನೆನಪಾದ. ನನ್ನ ಚಿಕ್ಕಮ್ಮನ ಮಗ. ದೂರವಾಣಿ ಇಲಾಖೆಯಲ್ಲಿದ್ದು ನಿವೃತ್ತನಾದವನು. ಫೋನಿನಲ್ಲಿ ಎಲ್ಲ ಕೇಳಿ, “ಅಕ್ಕಾ, ಹೊಸದನ್ನು ತೆಗೆದು ಹಳೆಯದು ಹಾಕುದೇ ತಪ್ಪು. ಹೊಸದರ ಒಳಗೆ ಹಳೆಯದನ್ನು ಕೂರಿಸುವ. ನಾಳೆ ಬೆಳಿಗ್ಗೆ ಕಂಪ್ಯೂಟರ್ ಇಲ್ಲಿಗೇ ತನ್ನಿ. ಹಳೇ ಪೆಟ್ಟಿಗೆಯ ಮೈಮೇಲೆ ಇಪ್ಪತ್ತೈದು ಅಕ್ಷರದ ಒಂದು ಚೀಟಿ ಇರ್ತದೆ. ಆ ಕೀಲಿ ಇಲ್ಲದೆ ಅದು ಒಳಗೆ ಬಿಡುದಿಲ್ಲ. ಬರೆದುಕೊಂಡು ಬನ್ನಿ” ಎಂದ.

ಚೀಟಿ ಇತ್ತು. ಅಕ್ಷರ ಇರಲಿಲ್ಲ. ನಾವು ಪ್ರತಿ ವರ್ಷ ಆಯುಧಪೂಜೆಗೆ ಕಂಪ್ಯೂಟರಿಗೆ ಗಂಧ, ಕುಂಕುಮ ಹಚ್ಚುತ್ತೇವೆ. ಎಲ್ಲೆಂದರಲ್ಲಿ ಹಚ್ಚಿದರೆ ಕೊಳೆಯಾಗುತ್ತದೆಂದು ನಾನು ಆ ಚೀಟಿಯನ್ನೇ ಆರಿಸಿಕೊಂಡಿದ್ದೆ. ಅದು ಹಣೆಯ ಹಾಗೆ ಚೌಕವಾಗಿ ಚಂದ ಇತ್ತು.

“ನೀವು ಬರೆದಿಟ್ಟಿರ್ತೀರಲ್ಲ ಅತ್ತೆ?” ಎಂದಳು ಸೊಸೆ.

“ಬರೆದಿಟ್ಟಿದ್ದೇನೆ” ಎಂದೆ ಹೆಮ್ಮೆಯಿಂದ.

“ಎಲ್ಲಿ?”

ವಂಶಾವಳಿಯ ಕೊನೆಯ ಪುಟದಲ್ಲಿ. ಆ ಪ್ರೋಗ್ರಾಮಿನ ಒಳಗೆ.

ಸೊಸೆ ಎದ್ದು ಹೋಗಿ ಹತ್ತಿ, ತೆಂಗಿನೆಣ್ಣೆ ತಂದಳು. ವಿಗ್ರಹದ ಹಳೆ ಗಂಧ ಬಿಡಿಸುವ ಹಾಗೆ ಪದರ ಪದರವಾಗಿ ಒರೆಸಿದೆವು. ಕುಂಕುಮದ ನೀರು ಇಳಿದು ಒಂದೊಂದೇ ಅಕ್ಷರ ದರ್ಶನ ಕೊಡತೊಡಗಿತು. ಹೊರಗಿನಿಂದ ಬಂದ ಯಜಮಾನರು ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೈ ಮುಗಿದು, “ಅಭಿಷೇಕಕ್ಕೆ ಹಾಲು ಬೇಡವಾ?” ಎಂದು ಕೇಳಿದರು.

ಮೂವತ್ತೊಂಬತ್ತು ನಿಮಿಷ

ಗುರುವಾರ ಕಂಪ್ಯೂಟರನ್ನು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟುಬೆಲ್ಟು ಕಟ್ಟಿ ಕಡಬಕ್ಕೆ ಹೊರಟೆವು. ಯಜಮಾನರು ತಮ್ಮ ಬೆಲ್ಟು ಕಟ್ಟಲು ಮರೆತರು. ಅದು ಬೇರೆ ಮಾತು.

ತಮ್ಮ ಎಂತೆಂತದೋ ಒತ್ತಿ, ಅಂಗಡಿಯವರು ಬದಲಾಯಿಸಿದ್ದನ್ನು ಸರಿಮಾಡಿ ಹೊಸ ಸಿಸ್ಟಮನ್ನು ಎಬ್ಬಿಸಿದ. ಹೊಸ ಪರದೆಯ ನಡುವೆ ಒಂದು ಸಣ್ಣ ಪರದೆ ತೆರೆದು, ಅದರೊಳಗೆ ಹಳೆಯ ಸಿಸ್ಟಮ್ ಕೂರತೊಡಗಿತು. ಕೆಳಗೆ ಬರೆದಿತ್ತು: ಇನ್ನು ಮೂವತ್ತೊಂಬತ್ತು ನಿಮಿಷ.

ಅಷ್ಟರಲ್ಲಿ ಗುತ್ತಿಗಾರಿನ ಫೋನ್. “ಇನ್ನು ಮೂವತ್ತೊಂಬತ್ತು ನಿಮಿಷ” ಎಂದೆ ಗಂಭೀರವಾಗಿ. ನಾನು ನಿಖರವಾಗಿಯೇ ಹೇಳುವವಳು. ಸರಿಯಾಗಿ ಮೂವತ್ತೊಂಬತ್ತು ನಿಮಿಷಕ್ಕೆ ಅವಳು ಮತ್ತೆ ಫೋನ್ ಮಾಡಿದಳು.

“ಎಷ್ಟಾಯ್ತು ಅಕ್ಕಾ?”

ನೋಡಿದೆ. “ಇನ್ನು ಮೂವತ್ತನಾಲ್ಕು ನಿಮಿಷ.”

ಅವಳು ಮತ್ತೆ ಕೇಳಿದಳು: “ಈ ಲೆಕ್ಕದಲ್ಲಿ ಸೂತಕ ಹತ್ತು ದಿನ ಅಂದ್ರೆ ಎಷ್ಟು ದಿನ ಅಕ್ಕಾ?”

ಇತ್ತ ಯಜಮಾನರು ಪರದೆಯನ್ನೇ ನೋಡುತ್ತ ಕೂತಿದ್ದರು. “ಬಾವ, ಅರ್ಥ ಆಯ್ತಾ?” ಎಂದ ತಮ್ಮ. “ಈಗ ಒಂದು ಕಂಪ್ಯೂಟರಿನ ಒಳಗೆ ಇನ್ನೊಂದು ಕಂಪ್ಯೂಟರ್ ಉಂಟು. ಒಳಗಿನದಕ್ಕೆ ತಾನು ಒಳಗಿದ್ದೇನೆ ಅಂತ ಗೊತ್ತಿಲ್ಲ.”

“ಅದು ಅರ್ಥ ಆಯ್ತು,” ಎಂದರು ಯಜಮಾನರು. “ಗುಡುಗು ಬಂದರೆ ಯಾವುದರ ಪ್ಲಗ್ ತೆಗೆಯುದು?”

ತೀರಿಹೋದವರು ಹಾಕಿದ ಸರಿ ಗುರುತು

ಕೊನೆಗೂ ಹಸಿರು ಗುಡ್ಡ ಕಾಣಿಸಿತು. ನನ್ನ ಕಣ್ಣು ತುಂಬಿತು. ಪ್ರೋಗ್ರಾಮು ತೆರೆಯಿತು, ಪೂರ್ವಜರೆಲ್ಲ ಟೋಪಿ ತೆಗೆದು ಕನ್ನಡದಲ್ಲಿ ನಿಂತರು. ಹತ್ತೊಂಬತ್ತು ಶಂಕರನಾರಾಯಣರಲ್ಲಿ ಮಗಳನ್ನು ಕಡಬಕ್ಕೆ ಕೊಟ್ಟವರು ಒಬ್ಬರೇ. ಅವರಿಂದ ಮೂಲಪುರುಷನ ಕಡೆಗೆ ಮೇಲೆ ಮೇಲೆ ಬೆರಳು ಮಡಚಿ ಎಣಿಸಿದೆ. ಗುತ್ತಿಗಾರಿನ ಕವಲಿಗೂ ಅವರಿಗೂ ಸೇರುವುದು ಎಂಟನೇ ತಲೆಮಾರಿನಲ್ಲಿ. ಎಂದರೆ ಮೂರೇ ದಿನ, ನಿನ್ನೆಗೆ ಮುಗಿಯಿತು. ಕೂಡಲೇ ಫೋನ್ ಮಾಡಿ ಹೇಳಿದೆ. ಆಚೆ ಕಡೆ ಮನೆಮಂದಿಯೆಲ್ಲ ಸಂಭ್ರಮದಿಂದ ಕೂಗಿದ್ದು ಇಲ್ಲಿಗೆ ಕೇಳಿಸಿತು.

ಫೋನ್ ಇನ್ನೂ ಕಿವಿಯಲ್ಲೇ ಇತ್ತು. ತಮ್ಮ ಪರದೆಯನ್ನು ಕೆಳಗೆ ಸರಿಸುತ್ತಿದ್ದವನು ಗಟ್ಟಿಯಾಗಿ ಓದಿದ: “ಶಂಕರನಾರಾಯಣ. ವಾಸ ಸಂಪಾಜೆ. ಮೃತರಾಗಿದ್ದಾರೆ. ಲಾಕ್‌ಡೌನ್ ಸಮಯ. ಸುದ್ದಿ ಖಚಿತ. ಅಕ್ಕಾ, ಇವರು ಆಗಲೇ ತೀರಿಹೋಗಿದ್ದಾರಲ್ಲ! ಹಾಗಾದ್ರೆ ಮೊನ್ನೆ ಸೋಮವಾರ ಹೋದವರು ಯಾರು?”

ನನಗೆ ಒಮ್ಮೆಗೇ ನೆನಪಾಯಿತು. ಲಾಕ್‌ಡೌನಿನಲ್ಲಿ ಯಾರೋ ಫೋನಿನಲ್ಲಿ ‘ಸಂಪಾಜೆಯ ಶಂಕರನಾರಾಯಣ ಅಜ್ಜ ಹೋದರು’ ಎಂದಿದ್ದರು. ನನ್ನ ದಾಖಲೆಯಲ್ಲಿ ಸಂಪಾಜೆಗೆ ಒಬ್ಬರೇ ಶಂಕರನಾರಾಯಣ. ಹೋಗಿ ನೋಡಲು ರಸ್ತೆ ಇಲ್ಲ, ಬಸ್ಸಿಲ್ಲ. ಬರೆದುಕೊಂಡು, ಹೆಸರಿನ ಜೊತೆ ಅವರು ಹುಟ್ಟಿದ ವರ್ಷವನ್ನೂ ಪೂರ್ತಿ ವಂಶದ ಪಟ್ಟಿಯನ್ನೂ ಸೇರಿಸಿ, ‘ಏಳು ತಲೆಮಾರಿನ ಒಳಗಿನವರಿಗೆ ಹತ್ತು ದಿನ, ಹೊರಗಿನವರಿಗೆ ಮೂರು ದಿನ’ ಎಂದು ಎಲ್ಲ ಕವಲಿನ ಹಿರಿಯರಿಗೂ ಮೆಸೇಜು ಕಳಿಸಿದ್ದೆ. ಸಂಪಾಜೆಯಲ್ಲಿ ಅದೇ ಹೆಸರಿನ ಬೇರೆ ಕುಟುಂಬದ ಅಜ್ಜನೊಬ್ಬರು ಇರಬಹುದೆಂದು ಹೊಳೆಯಲೇ ಇಲ್ಲ. ನಮ್ಮ ಶಂಕರನಾರಾಯಣ ಅಜ್ಜ ಆಮೇಲೆ ಮಗಳ ಮನೆಗೆ ಬಂದು ಕಡಬದವರಾದದ್ದೂ ನನಗೆ ತಿಳಿದಿರಲಿಲ್ಲ.

ಗುತ್ತಿಗಾರಿನವಳು ಎಲ್ಲ ಕೇಳಿಸಿಕೊಂಡಿದ್ದಳು. ಮೆಲ್ಲಗೆ ಅಂದಳು: “ಅಕ್ಕಾ, ಬೇಜಾರು ಮಾಡ್ಬೇಡಿ. ಬದುಕಿದ್ದವರನ್ನೇ ಸತ್ತರು ಅಂತ ಬರೆದ ಪುಸ್ತಕದಲ್ಲಿ ಎಂಟನೇ ತಲೆಮಾರು ಮಾತ್ರ ಸರಿ ಉಂಟು ಅಂತ ನಾನು ವರನ ಕಡೆಯವರಿಗೆ ಹೇಗೆ ಹೇಳುದು?”

ಐವತ್ತು ವರ್ಷದಲ್ಲಿ ನನಗೆ ಹೀಗೆ ಕೇಳಿದವರಿಲ್ಲ. ಕೇಳಿದ್ದು ಸರಿಯಾಗಿಯೇ ಇತ್ತು.

ಆ ಅಜ್ಜನ ಮಗಳ ಮನೆ ತಮ್ಮನ ಮನೆಯಿಂದ ಹತ್ತು ನಿಮಿಷದ ದಾರಿ. ಹೇಗೂ ಮಾತಾಡಿಸಿ ಬರಬೇಕಾದ ಮನೆ. ಹೋದೆವು. ಜಗಲಿಯಲ್ಲಿ ಕೂತು ಮಾತಾಡಿದ ಮೇಲೆ ನಾನು ಮಗಳ ಹತ್ತಿರ ನನ್ನ ತಪ್ಪನ್ನು ತಲೆತಗ್ಗಿಸಿ ಹೇಳಿಕೊಂಡೆ. ಅವಳು ನನ್ನನ್ನೇ ನೋಡಿದಳು.

“ಆ ಪುತ್ತೂರಿನ ಅಕ್ಕ ನೀವೇ?” ಎಂದವಳೇ ಒಳಗೆ ಹೋಗಿ ಒಂದು ನೋಟ್‌ಬುಕ್ ತಂದಳು. “ಅಪ್ಪನೂ ಎಲ್ಲ ಬರೆದಿಡ್ತಿದ್ರು.”

ನಾನು ಕಳಿಸಿದ, ಕೈಯಿಂದ ಕೈಗೆ ಹೋಗಿ ಅವರಿಗೂ ತಲುಪಿದ ಮೆಸೇಜನ್ನು ಅಜ್ಜ ಅದರಲ್ಲಿ ಪೂರ್ತಿ ನಕಲು ಮಾಡಿಕೊಂಡಿದ್ದರು. ಮೂಲಪುರುಷನಿಂದ ಹಿಡಿದು ಕೊನೆಯ ಶಂಕರನಾರಾಯಣನವರೆಗೆ ಒಂದೊಂದು ಹೆಸರಿನ ಎದುರೂ ಪೆನ್ಸಿಲಿನಲ್ಲಿ ಸರಿ ಗುರುತು. ಕೆಳಗೆ ಚಂದದ ಅಕ್ಷರದಲ್ಲಿ ಬರೆದಿದ್ದರು: ‘ನಮ್ಮ ಅಜ್ಜ ಹೇಳಿಕೊಟ್ಟ ಪಟ್ಟಿಯೊಂದಿಗೆ ತಾಳೆ ನೋಡಿದೆ. ಎಲ್ಲ ಸರಿ ಇದೆ. ನಮ್ಮದರ ಹಾಗೆಯೇ ಇನ್ನೊಂದು ಕವಲು ಇರುವುದು ಇಷ್ಟು ದಿನ ಗೊತ್ತಿರಲಿಲ್ಲ. ತೀರಾ ಹತ್ತಿರದವರು. ನನಗೆ ಹತ್ತು ದಿನ.’

ನಾನು ಅಂಗಳಕ್ಕೆ ಇಳಿದು ಗುತ್ತಿಗಾರಿಗೆ ಫೋನ್ ಮಾಡಿದೆ. “ತಲೆಮಾರಿನ ಲೆಕ್ಕ ಸರಿ ಉಂಟು. ತೀರಿಹೋದವರೇ ಸ್ವತಃ ನೋಡಿ ಸರಿ ಹಾಕಿದ್ದಾರೆ.”

“ಯಾವಾಗ?”

“ಮೊದಲನೆಯ ಸಲ ತೀರಿಹೋದಾಗ.”

ಅವಳು “ಹಾಗಾದ್ರೆ ಮದುವೆ ಉಂಟು” ಎಂದು ಫೋನ್ ಇಟ್ಟಳು.

ತಿರುಗಿ ಜಗಲಿಗೆ ಬಂದು ನೋಟ್‌ಬುಕ್ ಕೊಡುತ್ತ, “ಅಪ್ಪ ನಿಜವಾಗಿ ಹತ್ತು ದಿನ ಸೂತಕ ಕೂತರಾ?” ಎಂದು ಕೇಳಿದೆ. ಮಗಳಿಗೆ ಅಳುವಿನ ನಡುವೆ ನಗು ಬಂತು.

“ಕೂತರು ಅಕ್ಕಾ. ಬೆಳಿಗ್ಗೆ ತಣ್ಣೀರು ಸ್ನಾನ, ಒಪ್ಪೊತ್ತು ಊಟ, ಒಂದೂ ತಪ್ಪಿಸಲಿಲ್ಲ. ನಾನು ಇಲ್ಲಿಂದ ದಿನಾ ಫೋನ್ ಮಾಡ್ತಿದ್ದೆ. ದಿನಾ ಅದೇ ಬೇಸರ ಅವರಿಗೆ: ‘ಪಾಪ ಮಗಾ, ಹೋಗುವಂಥ ಪ್ರಾಯ ಎಂತ ಆಗಿರ್ಲಿಲ್ಲ ಅವರಿಗೆ. ಲೆಕ್ಕ ಹಾಕಿ ನೋಡಿದೆ. ನನ್ನಷ್ಟೇ.’”